ಮೊದಲು ಅಂಕಿ, ಆಮೇಲೆ ಕೆಲಸ: ಫೋರ್ತ್ ಭಾಷೆಯ ಮೊದಲ ಪಾಠ



ಕಳೆದ ರಂಜಾನ್ ತಿಂಗಳಲ್ಲಿ ಅಬ್ಬಾ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ನನ್ನದಾಗಿತ್ತು. ಒಬ್ಬ ಅಜ್ಜಿ 500 ರೂಪಾಯಿಯ ಒಂದು ಸೀರೆ ಮತ್ತು 300 ರೂಪಾಯಿಯ ಎರಡು ಲುಂಗಿ ತೆಗೆದುಕೊಂಡರು. ನಾನು ಮೇಜಿನ ಮೇಲಿದ್ದ ಸಾದಾ ಕ್ಯಾಲ್ಕುಲೇಟರಿನಲ್ಲಿ 500 + 300 × 2 ಎಂದು ಒತ್ತಿದೆ. 1600 ಬಂತು. ಹಾಗೇ ಬರೆದೆ. ಅಜ್ಜಿ ದುಡ್ಡು ಎಣಿಸಿ ಕೊಟ್ಟು ಹೊರಟರು. ಅಬ್ಬಾ ಬಿಲ್ಲಿನ ಪ್ರತಿ ನೋಡಿ, "ಇದು 1100 ಅಲ್ಲವಾ?" ಎಂದರು. ಬಸ್ ಸ್ಟ್ಯಾಂಡ್ ತನಕ ಓಡಿ 500 ರೂಪಾಯಿ ವಾಪಸ್ ಕೊಟ್ಟು ಬಂದೆ. ಅಜ್ಜಿ ಸಿಕ್ಕಿದ್ದು ನನ್ನ ಪುಣ್ಯ.

ಕ್ಯಾಲ್ಕುಲೇಟರ್ ಕೆಟ್ಟಿರಲಿಲ್ಲ. ಸಾದಾ ಕ್ಯಾಲ್ಕುಲೇಟರ್ ನಾವು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತದೆ. ಮೊದಲು 800 ಮಾಡಿತು, ಆಮೇಲೆ ಅದನ್ನು ಎರಡರಿಂದ ಗುಣಿಸಿತು. ಗುಣಾಕಾರ ಮೊದಲು ಎಂಬ ನಿಯಮ ನನ್ನ ಪುಸ್ತಕದಲ್ಲಿತ್ತು, ಆ ಯಂತ್ರದಲ್ಲಿ ಇರಲಿಲ್ಲ. ಯಂತ್ರ ಯಾವ ನಿಯಮ ಪಾಲಿಸುತ್ತದೆ ಎಂದು ತಿಳಿಯದೆ ಅದನ್ನು ನಂಬಿದ್ದು ನನ್ನ ತಪ್ಪು.

ಇಂಥ ಗೊಂದಲವೇ ಬರದ ಒಂದು ಪ್ರೋಗ್ರಾಮಿಂಗ್ ಭಾಷೆ ಇದೆ. ಅದರ ಹೆಸರು ಫೋರ್ತ್. ಕಾಮರ್ಸ್ ಓದುವ ನಾವೂ ಒಂದು ಮಧ್ಯಾಹ್ನದಲ್ಲಿ ಅದನ್ನು ಶುರು ಮಾಡಬಹುದು. ಹೇಗೆ ಎಂದು ನೋಡೋಣ.

ಫೋರ್ತ್ ಎಲ್ಲಿಂದ ಬಂತು?

ಅಮೆರಿಕದ ಚಾರ್ಲ್ಸ್ ಮೂರ್ 1970ರ ಸುಮಾರಿಗೆ ಈ ಭಾಷೆಯನ್ನು ರೂಪಿಸಿದರು. ಇದನ್ನು ನಾಲ್ಕನೇ ತಲೆಮಾರಿನ ಭಾಷೆ ಎಂದು ಕರೆಯುವ ಆಸೆ ಅವರಿಗಿತ್ತು. ಆದರೆ ಅವರ ಐಬಿಎಂ 1130 ಕಂಪ್ಯೂಟರಿನಲ್ಲಿ ಫೈಲಿನ ಹೆಸರಿಗೆ ಐದೇ ಅಕ್ಷರ. ಇಂಗ್ಲಿಷಿನಲ್ಲಿ ನಾಲ್ಕನೆಯದು ಎಂಬ ಪದಕ್ಕೆ ಆರು ಅಕ್ಷರ ಬೇಕು. ಅದಕ್ಕೆ 'ಯು' ಅಕ್ಷರವನ್ನು ಬಿಟ್ಟು ಹೆಸರಿಟ್ಟರು. ಶುರುವಿನ ವರ್ಷಗಳಲ್ಲಿ ಅರಿಜೋನಾದ ಕಿಟ್ ಪೀಕ್ ಎಂಬಲ್ಲಿ ರೇಡಿಯೋ ದೂರದರ್ಶಕವನ್ನು ನಡೆಸಲು ಇದನ್ನು ಬಳಸಿದರು. ಕಡಿಮೆ ಮೆಮೊರಿ ಇರುವ ಚಿಕ್ಕ ಯಂತ್ರಗಳಲ್ಲೂ ಇದು ಓಡುತ್ತದೆ.

ಸ್ಟ್ಯಾಕ್ ಅಂದರೇನು?

ಸ್ಟ್ಯಾಕ್ ಅಂದರೆ ಒಂದರ ಮೇಲೊಂದು ಇಟ್ಟ ರಾಶಿ. ಅಂಗಡಿಯಲ್ಲಿ ಮಡಿಸಿಟ್ಟ ಲುಂಗಿಗಳನ್ನು ನೆನೆಸಿಕೊಳ್ಳಿ. ಹೊಸದನ್ನು ಮೇಲೆಯೇ ಇಡುತ್ತೇವೆ, ತೆಗೆಯುವಾಗಲೂ ಮೇಲಿನದನ್ನೇ ತೆಗೆಯುತ್ತೇವೆ. ಕೊನೆಗೆ ಬಂದದ್ದು ಮೊದಲು ಹೋಗುತ್ತದೆ. ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ಮಾತೇ: ದಾಸ್ತಾನು ಲೆಕ್ಕದ ಲೈಫೋ ಪದ್ಧತಿ. ನಮ್ಮ ದೇಶದ ಲೆಕ್ಕ ಮಾನದಂಡ 2 ದಾಸ್ತಾನಿಗೆ ಲೈಫೋವನ್ನು ಒಪ್ಪುವುದಿಲ್ಲ, ಆದರೆ ಕಂಪ್ಯೂಟರಿನ ಒಳಗೆ ಅದು ದಿನವೂ ಕೆಲಸ ಮಾಡುತ್ತದೆ.

ಫೋರ್ತ್‌ನಲ್ಲಿ ನೆನಪಿಡಬೇಕಾದ ನಿಯಮ ಎರಡೇ:

1. ಅಂಕಿ ಸಿಕ್ಕರೆ ರಾಶಿಯ ಮೇಲೆ ಇಡು.
2. ಪದ ಸಿಕ್ಕರೆ ಆ ಕೆಲಸ ಮಾಡು. ಬೇಕಾದ ಅಂಕಿಗಳನ್ನು ರಾಶಿಯ ಮೇಲಿಂದ ತೆಗೆದುಕೊ, ಉತ್ತರವನ್ನು ಅಲ್ಲೇ ಇಡು.

+ , - , * , / ಇವೂ ಪದಗಳೇ. ಚುಕ್ಕಿಯೂ ಒಂದು ಪದ. ಅದು ಮೇಲಿನ ಅಂಕಿಯನ್ನು ತೆಗೆದು ಪರದೆಯ ಮೇಲೆ ತೋರಿಸುತ್ತದೆ.

ಮೊದಲ ಸಾಲು

2 3 + .

ಇದಕ್ಕೆ ಯಂತ್ರ 5 ಎಂದು ತೋರಿಸಿ, ಪಕ್ಕದಲ್ಲಿ ಓಕೆ ಎನ್ನುತ್ತದೆ. ಕೂಡಿಸುವ ಚಿಹ್ನೆ ಕೊನೆಗೆ ಬಂದದ್ದು ವಿಚಿತ್ರ ಅನ್ನಿಸಿತೇ? ನನಗೂ ಅನ್ನಿಸಿತ್ತು. ಆಮೇಲೆ ಜೋರಾಗಿ ಓದಿ ನೋಡಿದೆ. ಮನೆಯಲ್ಲಿ ನಾವು "ದೋ ಔರ್ ತೀನ್ ಜೋಡೋ" ಎನ್ನುತ್ತೇವೆ. ಕನ್ನಡದಲ್ಲಿ "ಎರಡು, ಮೂರು ಕೂಡಿಸು" ಎನ್ನುತ್ತೇವೆ. ಎರಡರಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ "ಆಡ್" ಮೊದಲು ಬರುತ್ತದೆ. ಹಾಗಾಗಿ ಈ ಕ್ರಮ ನಮಗೆ ಪರಕೀಯವಲ್ಲ.

1920ರ ದಶಕದಲ್ಲಿ ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೆವಿಚ್ ಚಿಹ್ನೆಯನ್ನು ಮೊದಲು ಬರೆದು, ಆವರಣ ಚಿಹ್ನೆಗಳ ಅಗತ್ಯವೇ ಇಲ್ಲದಂತೆ ಮಾಡಿದರು. ಅದನ್ನು ತಿರುಗಿಸಿ ಚಿಹ್ನೆಯನ್ನು ಕೊನೆಗಿಟ್ಟರೆ ಫೋರ್ತ್‌ನ ಕ್ರಮ. ಹಣಕಾಸು ಲೆಕ್ಕಕ್ಕೆಂದು 1981ರಲ್ಲಿ ಬಂದ ಎಚ್‌ಪಿ 12ಸಿ ಕ್ಯಾಲ್ಕುಲೇಟರ್ ಕೂಡ ಇದೇ ಕ್ರಮದ್ದು. ಅದರಲ್ಲಿ 'ಸಮ' ಚಿಹ್ನೆಯ ಗುಂಡಿಯೇ ಇಲ್ಲ.

ಅಜ್ಜಿಯ ಬಿಲ್

500 300 2 * + .

ಎಡದಿಂದ ಬಲಕ್ಕೆ ನಿಧಾನವಾಗಿ ಓದಿ. ಪ್ರತಿ ಹೆಜ್ಜೆಯ ನಂತರ ರಾಶಿ ಹೀಗಿರುತ್ತದೆ. ಬಲತುದಿಯದು ರಾಶಿಯ ಮೇಲಿನದು.

500 ಬಂದಾಗ: 500
300 ಬಂದಾಗ: 500 300
2 ಬಂದಾಗ: 500 300 2
* ಬಂದಾಗ: 500 600
+ ಬಂದಾಗ: 1100

ಚುಕ್ಕಿ 1100 ಎಂದು ತೋರಿಸುತ್ತದೆ, ರಾಶಿ ಖಾಲಿಯಾಗುತ್ತದೆ. ನನ್ನ ತಪ್ಪು ಲೆಕ್ಕ ಬೇಕೆಂದರೆ 500 300 + 2 * ಎಂದು ಬೇರೆ ರೀತಿಯೇ ಬರೆಯಬೇಕು. ಇಲ್ಲಿ ಗುಣಾಕಾರ ಮೊದಲು ಎಂಬ ನಿಯಮವೂ ಇಲ್ಲ, ಆವರಣವೂ ಇಲ್ಲ. ಯಾವುದನ್ನು ಯಾವಾಗ ಮಾಡಬೇಕೆಂದು ನಾವೇ ಹೇಳುತ್ತೇವೆ.

ಆದ್ದರಿಂದ ಜವಾಬ್ದಾರಿಯೂ ನಮ್ಮದೇ. 1100 100 - ಅಂದರೆ 1000. ಅದೇ 100 1100 - ಅಂದರೆ -1000. ಕಳೆಯುವಾಗ, ಭಾಗಿಸುವಾಗ ಕ್ರಮ ತಪ್ಪಿದರೆ ಲಾಭ ನಷ್ಟವಾಗಿ ಕಾಣುತ್ತದೆ.

ರಾಶಿಯನ್ನು ಸರಿಪಡಿಸುವ ಪದಗಳು

ಯಂತ್ರದಲ್ಲಿ ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು.

ಡ್ಯೂಪ್ (ಡಿ, ಯು, ಪಿ): ಮೇಲಿನ ಅಂಕಿಯ ಇನ್ನೊಂದು ನಕಲು ಇಡು.
ಸ್ವಾಪ್ (ಎಸ್, ಡಬ್ಲ್ಯು, ಎ, ಪಿ): ಮೇಲಿನ ಎರಡನ್ನು ಅದಲುಬದಲು ಮಾಡು.
ಡ್ರಾಪ್ (ಡಿ, ಆರ್, ಓ, ಪಿ): ಮೇಲಿನದನ್ನು ಬಿಸಾಡು.

ಚುಕ್ಕಿಯ ಜೊತೆ ಜಾಗ ಬಿಡದೆ ಎಸ್ ಅಕ್ಷರ ಸೇರಿಸಿದರೆ ಇಡೀ ರಾಶಿ ಕಾಣುತ್ತದೆ, ಏನೂ ಖಾಲಿಯಾಗುವುದಿಲ್ಲ. ಹೊಸಬರು ಪ್ರತಿ ಸಾಲಿನ ನಂತರ ಇದನ್ನು ಬಳಸುವುದು ಒಳ್ಳೆಯದು.

ನಮ್ಮದೇ ಪದ

ಫೋರ್ತ್‌ನಲ್ಲಿ ಹೊಸ ಪದ ಮಾಡುವುದು ಸುಲಭ. ಎರಡು ಚುಕ್ಕಿಯ ಚಿಹ್ನೆಯಿಂದ ಶುರು, ಅರ್ಧವಿರಾಮದಿಂದ ಕೊನೆ.

: ರಿಯಾಯಿತಿ 90 * 100 / ;

ಇನ್ನು 1100 ರಿಯಾಯಿತಿ . ಎಂದರೆ 990 ಬರುತ್ತದೆ. ಇದು ಶೇಕಡಾ 10 ರಿಯಾಯಿತಿ. ಜಿಫೋರ್ತ್ ಎಂಬ ಉಚಿತ ತಂತ್ರಾಂಶದಲ್ಲಿ ಹೆಸರನ್ನು ಹೀಗೆ ಕನ್ನಡದಲ್ಲೇ ಇಡಬಹುದು.

ಬೆಲೆಗೆ ಶೇಕಡಾ 5 ತೆರಿಗೆ ಸೇರಿಸಬೇಕು ಎಂದುಕೊಳ್ಳಿ. ಬೆಲೆ ಎರಡು ಸಲ ಬೇಕಾಗುತ್ತದೆ, ಹಾಗಾಗಿ ಡ್ಯೂಪ್ ಬೇಕು.

: ತೆರಿಗೆಸಹಿತ ಡ್ಯೂಪ್ 5 * 100 / + ;

1000 ಕೊಟ್ಟರೆ ರಾಶಿ ಹೀಗೆ ನಡೆಯುತ್ತದೆ: 1000 1000, ಆಮೇಲೆ 1000 5000, ಆಮೇಲೆ 1000 50, ಕೊನೆಗೆ 1050.

ಹೊಸಬರು ಎಡವುವ ಜಾಗಗಳು

ಒಂದು, ಪದಗಳ ನಡುವೆ ಜಾಗ ಬಿಡಲೇಬೇಕು. 2 3+ ಎಂದು ಬರೆದರೆ ಯಂತ್ರ 3+ ಎಂಬ ಪದವನ್ನು ಹುಡುಕುತ್ತದೆ, ಸಿಗದೆ ದೂರು ಹೇಳುತ್ತದೆ.

ಎರಡು, ರಾಶಿಯಲ್ಲಿ ಒಂದೇ ಅಂಕಿ ಇರುವಾಗ + ಎಂದರೆ ಸ್ಟ್ಯಾಕ್ ಅಂಡರ್‌ಫ್ಲೋ ಎಂಬ ದೋಷ ಬರುತ್ತದೆ. ಖಾತೆಯಲ್ಲಿ ಇಲ್ಲದ ಹಣಕ್ಕೆ ಚೆಕ್ ಬರೆದ ಹಾಗೆ.

ಮೂರು, ಈ ರಾಶಿಯಲ್ಲಿ ಪೂರ್ಣಾಂಕಗಳು ಮಾತ್ರ. 90 100 / ಎಂದರೆ 0.9 ಬರುವುದಿಲ್ಲ, 0 ಬರುತ್ತದೆ. ಆದ್ದರಿಂದ ಮೊದಲು ಗುಣಿಸಿ, ಆಮೇಲೆ ಭಾಗಿಸಿ. ಹಾಗೆ ಮಾಡಿದರೂ 1155ರ ರಿಯಾಯಿತಿ ಬೆಲೆ 1039 ಎಂದು ಬರುತ್ತದೆ, 50 ಪೈಸೆ ಮಾಯವಾಗುತ್ತದೆ. ಇದಕ್ಕೆ ಉಪಾಯ: ಲೆಕ್ಕವನ್ನು ಪೈಸೆಯಲ್ಲಿ ಮಾಡಿ. 115500 ಕೊಟ್ಟರೆ 103950 ಬರುತ್ತದೆ, ಅಂದರೆ 1039 ರೂಪಾಯಿ 50 ಪೈಸೆ. ಅಂಗಡಿಯವನದಾಗಲಿ, ಗಿರಾಕಿಯದಾಗಲಿ, ಪೈಸೆಯೂ ಯಾರದೋ ಹಕ್ಕು.

ಅಭ್ಯಾಸ

ಕಂಪ್ಯೂಟರ್ ಇಲ್ಲದಿದ್ದರೆ ಚಿಂತೆ ಬೇಡ. ಹಳೆ ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿ, ಅಂಕಿ ಬರೆದು ಒಂದರ ಮೇಲೊಂದು ಇಡಿ. ನಾನು ಕಲಿತದ್ದೂ ಹಾಗೆಯೇ. ಲ್ಯಾಬಿನಲ್ಲಿ ಕೂತದ್ದು ಆಮೇಲೆ.

1. (40 + 60) × 3 ಇದನ್ನು ಫೋರ್ತ್ ಕ್ರಮದಲ್ಲಿ ಬರೆಯಿರಿ.
2. 900 − 200 × 2 ಇದನ್ನು ಬರೆಯಿರಿ.
3. 20 100 ಸ್ವಾಪ್ - . ಎಂದರೆ ಏನು ಬರುತ್ತದೆ?

ಉತ್ತರ: 1) 40 60 + 3 * ಅಂದರೆ 300. 2) 900 200 2 * - ಅಂದರೆ 500. 3) 80.

ಅಬ್ಬಾಗೆ ಚೀಟಿಗಳನ್ನು ಇಟ್ಟು ತೋರಿಸಿದೆ. ಅವರು ನೋಡಿ, "ತೀನ್ ಸೌ ಕೇ ದೋ, ಛೇ ಸೌ. ಪಾಂಚ್ ಸೌ ಮಿಲಾವೋ, ಗ್ಯಾರಾ ಸೌ. ನಾನು ಇಷ್ಟು ವರ್ಷ ಹೀಗೇ ಮಾಡುತ್ತಿದ್ದೇನಲ್ಲ" ಎಂದು ನಕ್ಕರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ಪ್ರೋಗ್ರಾಮಿಂಗ್ ಸೈನ್ಸ್‌ನವರಿಗೆ ಮಾತ್ರ ಎಂದು ನಿಮಗೆ ಯಾರಾದರೂ ಹೇಳಿದರೆ, ಒಂದು ಬಿಲ್ ತೆಗೆದುಕೊಂಡು ಚೀಟಿ ಜೋಡಿಸಲು ಶುರು ಮಾಡಿ.