ಮರ್ಯಾದೆಯ ಮಾತು ಎಲ್ಲರಿಗೂ ಸಲ್ಲಬೇಕು



ಕನ್ನಡದಲ್ಲಿ ‘ನೀನು’ ಉಂಟು, ‘ನೀವು’ ಉಂಟು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವವರಿಗೂ ‘ನುವ್ವು’, ‘ಮೀರು’ ಗೊತ್ತು. ‘ನೀನು’ ಕೆಟ್ಟ ಮಾತಲ್ಲ. ಹೆತ್ತ ತಾಯಿಗೆ, ಗೆಳತಿಗೆ, ದೇವರಿಗೂ ‘ನೀನು’ ಅಂತೀವಿ. ಅದು ಪ್ರೀತಿ, ಸಲುಗೆ.

ಆದರೆ ಅರವತ್ತು ದಾಟಿದ ಕೂಲಿಯವರನ್ನು ಜಮೀನಿನವರ ಮನೆ ಹುಡುಗ ‘ಏನೋ, ಬಾರೋ’ ಅಂತ ಕರೀತಾನೆ. ಅವರು ‘ಬಂದೆ ಸ್ವಾಮಿ’ ಅನ್ನಬೇಕು. ಇದು ಸಲುಗೆಯೇ? ಅವರೂ ಆ ಹುಡುಗನಿಗೆ ತಿರುಗಿ ‘ಏನೋ’ ಅನ್ನಬಹುದೇ ಎಂದು ಕೇಳಿ ನೋಡಿ. ಅನ್ನಲು ಆಗದಿದ್ದರೆ ಅದು ಸಲುಗೆಯಲ್ಲ, ದಬ್ಬಾಳಿಕೆ.

ನಮ್ಮ ಕಡೆ ಹೆಸರಿನಲ್ಲೇ ಗೌರವ ಸೇರಿದೆ: ಮುನಿಯಪ್ಪ, ವೆಂಕಟಮ್ಮ. ಬಡವರನ್ನು, ದಲಿತರನ್ನು ಕರೆಯುವಾಗ ‘ಅಪ್ಪ’, ‘ಅಮ್ಮ’ ಬಿದ್ದುಹೋಗಿ ‘ಮುನಿಗ’, ‘ವೆಂಕಟಿ’ ಆಗುತ್ತದೆ. ಶರಣರ ಹೆಸರು ನೋಡಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ. ಸಮಾಜ ಕೀಳೆಂದ ಕಸುಬಿನವರಿಗೂ ಅಲ್ಲಿ ‘ಅಯ್ಯ’ ಸಂದಿತು.

ಕಾನೂನು ಏನು ಹೇಳುತ್ತದೆ?

‘ನೀನು’ ಅಂದಮಾತ್ರಕ್ಕೆ ಕೇಸಾಗುವುದಿಲ್ಲ. ಆದರೆ ಪರಿಶಿಷ್ಟ ಜಾತಿ, ಪಂಗಡದವರನ್ನು ಆ ಜಾತಿ, ಪಂಗಡಗಳಿಗೆ ಸೇರದವರು ಸಾರ್ವಜನಿಕರ ಎದುರು ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ ಉಂಟು. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ನಮ್ಮ ಸಂಘದಲ್ಲಿ ಹೇಗಿದೆ?

ಬೇರೆಯವರನ್ನು ದೂರುವ ಮುಂಚೆ ನಮ್ಮ ಹಾಜರಿ ಪುಸ್ತಕ ತೆರೆಯೋಣ. ಕೆಲವರಿಗೆ ‘ಶ್ರೀಮತಿ’, ಕೆಲವರಿಗೆ ಬರೀ ಹೆಸರು ಇದೆಯೇ? ಲಗ್ನಪತ್ರಿಕೆಯ ‘ಸೌ.’ ಗಂಡ ತೀರಿಕೊಂಡ ಮೇಲೆ ಹೋಗಿಬಿಡುತ್ತದೆ. ‘ಶ್ರೀಮತಿ’ ಹಾಗಲ್ಲ, ವಿಧವೆಯರಿಗೂ ಬರೆಯಬೇಕು. ‘ಮುಂಡೆ’ ಎಂಬ ಬೈಗುಳ ನಮ್ಮ ಬಾಯಲ್ಲೇ ಬಂದರೆ ಹೆಂಗಸರ ಸಂಘ ಯಾಕೆ ಬೇಕು? ಅಂಗವಿಕಲರನ್ನು ‘ಕುಂಟ’, ‘ಕುರುಡಿ’ ಅನ್ನದೆ ಹೆಸರು ಹಿಡಿದೇ ಕರೆಯೋಣ.

ಈ ವಾರದಿಂದ:

1. ಸಭೆಯಲ್ಲಿ ಎಲ್ಲರಿಗೂ ‘ನೀವು’, ‘ಬನ್ನಿ’, ‘ಹೇಳಿ’.
2. ಪುಸ್ತಕದಲ್ಲಿ ಎಲ್ಲರ ಪೂರ್ತಿ ಹೆಸರು, ಒಂದೇ ರೀತಿ.
3. ಮಕ್ಕಳಿಗೆ ಕೂಲಿಯವರನ್ನೂ ಅಣ್ಣ, ಅಕ್ಕ, ತಾತ, ಅಜ್ಜಿ ಅಂತ ಕರೆಯಲು ಕಲಿಸುವುದು.

ಚರ್ಚೆಗೆ ಪ್ರಶ್ನೆಗಳು:

1. ನಮ್ಮೂರಲ್ಲಿ ವಯಸ್ಸಾದರೂ ‘ಲೋ’, ‘ಲೇ’ ಅನ್ನಿಸಿಕೊಳ್ಳುವವರು ಯಾರು? ಯಾಕೆ?
2. ನಮ್ಮ ಎದುರೇ ಒಬ್ಬರಿಗೆ ಹಾಗೆ ಅಂದಾಗ ನಾವು ಏನು ಹೇಳಬಹುದು?