ನೀರು ಸುತ್ತುವರಿದ ಮನೆ



ತಪಸ್ಸುಕಾಲದ ಮೊದಲನೆಯ ಭಾನುವಾರ ದೇವಾಲಯದಲ್ಲಿ ನಾವು ಪ್ರತಿ ವರ್ಷವೂ ಒಂದೇ ಪ್ರಸಂಗವನ್ನು ಕೇಳುತ್ತೇವೆ. ಮತ್ತಾಯ, ಮಾರ್ಕ, ಲೂಕ, ಈ ಮೂವರಲ್ಲಿ ಒಬ್ಬರು ಬರೆದದ್ದು ಸರದಿಯ ಪ್ರಕಾರ ಬರುತ್ತದೆ. ಪ್ರಭು ಯೇಸು ಜನವಸತಿಯಿಲ್ಲದ ಕಡೆ ನಲವತ್ತು ದಿನ ಕಳೆದ ಪ್ರಸಂಗ ಅದು. ಆ ಜಾಗಕ್ಕೆ ಕನ್ನಡದಲ್ಲಿ ಏನೆಂದು ಹೇಳಬೇಕು? ಹಳೆಯ ಬೈಬಲಿನವರು 'ಅಡವಿ' ಎಂದರು. ನಮ್ಮ ಪೂಜಾ ವಾಚನಗಳಲ್ಲಿ 'ಬೆಂಗಾಡು', 'ಮರುಭೂಮಿ' ಎಂಬ ಮಾತುಗಳು ಬರುತ್ತವೆ. ಜುದೇಯದ ಆ ನೆಲ ಬರೀ ಕಲ್ಲುಗುಡ್ಡ, ಮಳೆ ಅಪರೂಪ. ಆದ್ದರಿಂದ ಬೆಂಗಾಡು ಎಂಬುದೇ ಸರಿ.

ಆದರೂ ಶಿವಮೊಗ್ಗೆಯ ನಮಗೆ 'ಅಡವಿ' ಎಂಬ ಹಳೆಯ ಮಾತು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ನಾವು ಮರಳುಗಾಡು ಕಂಡವರಲ್ಲ. ನಮಗೆ ದಿಕ್ಕು ತಪ್ಪುವ ಜಾಗವೆಂದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ, ತೀರ್ಥಹಳ್ಳಿಯ ಮಲೆ, ಭದ್ರಾವತಿಯಿಂದಾಚೆ ಲಕ್ಕವಳ್ಳಿಯ ಕಾಡು. ಅಲ್ಲಿ ನೀರಿಲ್ಲದೆ ಸಾಯುವ ಭಯವಿರಲಿಲ್ಲ. ಹೊಳೆ, ಜ್ವರ, ಕಾಡುಪ್ರಾಣಿ ಇವುಗಳ ಭಯವಿತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಆ ಊರಿನ ಹೆಸರನ್ನು ವೈದ್ಯಗ್ರಂಥಗಳಿಗೇ ಸೇರಿಸಿತು.

ಇಂಥ ನಾಡಿನಲ್ಲಿ ಕಾಡಿನ ಕಥೆಗಳು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಅವನ್ನು ಓದಿ ಕ್ರೈಸ್ತ ಕುಟುಂಬಗಳು ಏನು ಪಡೆಯಬಹುದೆಂದು ಈ ವಾರ ಸ್ವಲ್ಪ ನೋಡೋಣ.

ನಮ್ಮ ಹುಡುಗರಿಗೆ ಮೊದಲು ಸಿಗುವುದು ಬೇಟೆಯ ಕಥೆಗಳು. ಕೆನೆತ್ ಆಂಡರ್ಸನ್ ಎಂಬ ಬೇಟೆಗಾರ ಕುಂಸಿಯ ಆಚೆಯ ಚೋರಡಿಯ ಹುಲಿಯ ಬಗ್ಗೆಯೂ ಸಾಗರದ ಕಡೆಯ ತ್ಯಾಗರ್ತಿಯ ಹುಲಿಗಳ ಬಗ್ಗೆಯೂ ಇಂಗ್ಲಿಷಿನಲ್ಲಿ ಬರೆದರು. ಆಂಡರ್ಸನ್‌ರ ಅನುಭವಗಳನ್ನು ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಎಂದು ಕನ್ನಡಕ್ಕೆ ತಂದರು. ಮಕ್ಕಳು ಓದಲಿ, ಒಳ್ಳೆಯದೇ. ಆದರೆ ಬೇಟೆಯ ಕಥೆಯಲ್ಲಿ ಸಾಮಾನ್ಯವಾಗಿ ಹುಲಿ ಸತ್ತ ಮೇಲೆ ಕಥೆಯೂ ಮುಗಿಯುತ್ತದೆ. ಬದುಕಿ ಬಂದವನು ತಾನು ಯಾರೆಂದು ಹೊಸದಾಗಿ ಕೇಳಿಕೊಳ್ಳುವುದು ಅಲ್ಲಿ ಕಡಿಮೆ.

ಆ ಪ್ರಶ್ನೆಯನ್ನು ಕೇಳಿಕೊಂಡವನು ಶಾಲಾ ಪಾಠಗಳ ಮೂಲಕ ನಮಗೆ ಪರಿಚಯವಾದ ರಾಬಿನ್ಸನ್ ಕ್ರೂಸೋ. 1719ರಲ್ಲಿ ಡೇನಿಯಲ್ ಡಿಫೋ ಬರೆದ ಆ ಕಥೆಯ ಮಕ್ಕಳ ಸಂಕ್ಷಿಪ್ತ ರೂಪಗಳಲ್ಲಿ ಆಡು ಸಾಕಿದ್ದು, ಮನೆ ಕಟ್ಟಿದ್ದು ಎಲ್ಲ ಉಳಿದುಕೊಂಡು ಮುಖ್ಯವಾದ ಒಂದು ಭಾಗ ಅನೇಕ ವೇಳೆ ಬಿಟ್ಟುಹೋಗುತ್ತದೆ. ದ್ವೀಪದಲ್ಲಿ ಅವನಿಗೆ ಚಳಿಜ್ವರ ಬರುತ್ತದೆ. ಔಷಧಿಗೆಂದು ಪೆಟ್ಟಿಗೆಯಲ್ಲಿ ಹೊಗೆಸೊಪ್ಪು ಹುಡುಕುವಾಗ ಬೈಬಲ್ ಕೈಗೆ ಸಿಗುತ್ತದೆ. ಅಂದಿನಿಂದ ಅವನು ತನ್ನ ಹಿಂದಿನ ಬದುಕನ್ನು ತಿರುಗಿ ನೋಡತೊಡಗುತ್ತಾನೆ. ಹಡಗು ಒಡೆದಾಗ ಆಗದಿದ್ದದ್ದು ಹಾಸಿಗೆ ಹಿಡಿದಾಗ ಆಯಿತು.

ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ಹೆಸರು ಕೇಳಿದ ಕೂಡಲೆ ನಮ್ಮ ಕೊಂಕಣಿ ಮನೆಗಳಲ್ಲಿ 'ಇವರು ನಮ್ಮವರೇ' ಎನ್ನುತ್ತಾರೆ. ವಿಜ್ಞಾನಿ ಕರ್ವಾಲೊ ಹಾರುವ ಓತಿಯೊಂದನ್ನು ಹುಡುಕಿ ಕಾಡಿಗೆ ಹೊರಡುತ್ತಾರೆ. ಆದರೆ ಅದನ್ನು ಕಂಡಿದ್ದವನು ಜೇನು ಹಿಡಿಯುವ, ಊರಿನವರು ಲೆಕ್ಕಕ್ಕೇ ತೆಗೆದುಕೊಳ್ಳದ ಮಂದಣ್ಣ. ದೊಡ್ಡ ವಿದ್ವಾಂಸರು ಅವನಿಗೆ ಕೊಡುವ ಗೌರವ ನೋಡಿ ಕಥೆ ಹೇಳುವವನೇ ಬೆರಗಾಗುತ್ತಾನೆ. ಕೊನೆಗೆ ಓತಿ ಕಣಿವೆಯತ್ತ ತೇಲಿ ಹೋಗುತ್ತದೆ, ಹೋದವರು ಬರಿಗೈಯಲ್ಲಿ ಉಳಿಯುತ್ತಾರೆ. ಊರಿನ ಮೇಲುಕೀಳು ಕಾಡಿನಲ್ಲಿ ನಡೆಯುವುದಿಲ್ಲ ಎಂಬುದನ್ನು ಇಷ್ಟು ನಗುತ್ತಾ ಹೇಳಿದ ಪುಸ್ತಕ ನಾನು ಬೇರೆ ಓದಿಲ್ಲ.

ಆದರೆ ಕುಟುಂಬದ ಪುಟಕ್ಕೆ ಹೆಚ್ಚು ಹತ್ತಿರವಾದ ಕಥೆ ಬೇರೆ ಇದೆ. ಅದನ್ನು ಬರೆದವರು ನಮ್ಮ ಜಿಲ್ಲೆಯ, ನಮ್ಮ ಧರ್ಮಸಭೆಯ ಮಗ ನಾ. ಡಿಸೋಜ. 1937ರಲ್ಲಿ ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ನೋಡಿದವರು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2025ರ ಜನವರಿ 5ರಂದು ದೈವಾಧೀನರಾದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ತೋಟ, ಗದ್ದೆ, ಊರುಗಳು ಮುಳುಗಿದವು, ಗುಡ್ಡಗಳ ತಲೆಗಳು ದ್ವೀಪಗಳಾದವು. 2025ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯುವವರೆಗೆ ತುಮರಿ ಕಡೆಯ ಜನರಿಗೆ ಲಾಂಚು, ಇಲ್ಲವೇ ಬಹು ದೂರದ ಸುತ್ತುದಾರಿ, ಎರಡೇ ಗತಿಯಾಗಿತ್ತು. ಮನೆ ಕಳೆದುಕೊಂಡ ಅನೇಕರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಕಾಡುಗಳ ಅಂಚಿಗೆ ತಂದು ಬಿಡಲಾಯಿತು. ಅವರ ಹಕ್ಕುಪತ್ರದ ಪ್ರಶ್ನೆ ದಶಕಗಟ್ಟಲೆ ಎಳೆಯಿತು. ಒಂದು ಕಾಡಿನಿಂದ ಇನ್ನೊಂದು ಕಾಡಿಗೆ! ಇಸ್ರಯೇಲರ ಅಲೆದಾಟಕ್ಕಾದರೂ ನಲವತ್ತು ವರ್ಷಕ್ಕೆ ಕೊನೆಯಿತ್ತು.

ಈ ಮುಳುಗಡೆಯನ್ನು ಡಿಸೋಜರು ಮತ್ತೆ ಮತ್ತೆ ಬರೆದರು. ಅವುಗಳಲ್ಲಿ 'ದ್ವೀಪ' ಚಿಕ್ಕ ಕಾದಂಬರಿ. ಸುತ್ತಲಿನವರೆಲ್ಲ ಊರು ಬಿಟ್ಟ ಮೇಲೂ ಗಣಪಯ್ಯನ ಸಂಸಾರ ಅಲ್ಲೇ ಉಳಿಯುತ್ತದೆ. ಮಳೆ ಹಿಡಿಯುತ್ತದೆ, ನೀರು ದಿನದಿನಕ್ಕೆ ಏರುತ್ತದೆ. ಗಿರೀಶ್ ಕಾಸರವಳ್ಳಿಯವರು ಇದನ್ನು 2002ರಲ್ಲಿ ಚಲನಚಿತ್ರ ಮಾಡಿದರು. ಅದಕ್ಕೆ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ನಮ್ಮಲ್ಲಿ ಹೆಚ್ಚು ಮಂದಿ ನೋಡಿರುವುದು ಚಿತ್ರವನ್ನೇ ಆದ್ದರಿಂದ ಅದನ್ನೇ ಹಿಡಿದು ಹೇಳುತ್ತೇನೆ.

ಕ್ರೂಸೋ ಒಬ್ಬನೇ ಇದ್ದ. ಗಣಪಯ್ಯನ ಹೆಂಡತಿ ನಾಗವೇಣಿ ಒಬ್ಬಳೇ ಅಲ್ಲ, ಗಂಡನಿದ್ದಾನೆ. ಆದರೂ ಅವಳ ಒಂಟಿತನ ಕ್ರೂಸೋವಿನದಕ್ಕಿಂತ ದೊಡ್ಡದು. ನೆರವಿಗೆ ಬಂದ ಕೃಷ್ಣನೆಂಬ ಯುವಕನ ವಿಷಯದಲ್ಲಿ ಗಂಡನಿಗೆ ಸಂಶಯ ಹುಟ್ಟುತ್ತದೆ. ಹೊರಗಿನ ನೀರು ಅಂಗಳಕ್ಕೆ ಬರುವುದಕ್ಕೆ ಮೊದಲೇ ಮನೆಯೊಳಗೆ ಮತ್ತೊಂದು ನೀರು ನಿಲ್ಲುತ್ತದೆ. ಆ ಮಳೆಗಾಲದಲ್ಲಿ ಕೈಚೆಲ್ಲದೆ ನಿಂತವಳು ನಾಗವೇಣಿ. ಹುಲಿ ಸುಳಿದಾಡಿದಾಗ ಬೆಂಕಿ ಹಾಕಿ ಕಾದವಳೂ ಅವಳೇ. ತನ್ನಲ್ಲಿ ಇಷ್ಟು ಧೈರ್ಯವಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಕೊನೆಗೆ ಮಳೆ ನಿಂತು ನೀರು ಇಳಿಯುತ್ತದೆ. ತನ್ನ ಶ್ರಮ ಫಲಿಸಿತೆಂದು ಅವಳು ಸಂತೋಷಪಡುವಾಗ ಗಂಡ ಹೇಳುವುದೇನು? ಎಲ್ಲ ದೇವರ ದಯೆ ಎಂಬರ್ಥದ ಮಾತು. ಅವಳ ಪಾಲು ಅದರಲ್ಲಿ ಏನೂ ಇಲ್ಲ.

ಈ ಚಿತ್ರವನ್ನು ಭದ್ರಾವತಿಯಲ್ಲಿ ಕಿರು ಕ್ರೈಸ್ತ ಸಮುದಾಯವೊಂದರ ಕೂಟದಲ್ಲಿ ನೋಡಿ ಚರ್ಚಿಸುವ ಅವಕಾಶ ನನಗೆ ಸಿಕ್ಕಿತ್ತು. ಗಂಡಸರು ಅಣೆಕಟ್ಟಿನ ಬಗ್ಗೆ, ಪರಿಹಾರದ ಹಣದ ಬಗ್ಗೆ ಮಾತಾಡಿದರು. ಒಬ್ಬರು, "ಗಣಪಯ್ಯ ಹೇಳಿದ್ದರಲ್ಲಿ ತಪ್ಪೇನಿದೆ ಫಾದರ್? ದೇವರ ದಯೆ ಅಂದರೆ ದೇವರ ದಯೆಯೇ ಅಲ್ಲವಾ?" ಎಂದು ಸ್ವಾಮಿಗಳನ್ನು ಕೇಳಿದರು. ಸ್ವಾಮಿಗಳು ಉತ್ತರ ಕೊಡುವ ಮೊದಲೇ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಹಿರಿಯ ತಾಯಿ ಬಾಯಿ ತೆರೆದರು.

ಭದ್ರಾವತಿ ಊರು ಕಾಡಿನ ಋಣದಲ್ಲಿ ಬೆಳೆದದ್ದೆಂದು ನಿಮಗೆ ಗೊತ್ತು. 1923ರಲ್ಲಿ ಇಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದಾಗ ಕುಲುಮೆಗೆ ಹಾಕಿದ್ದು ಮಲೆನಾಡಿನ ಮರದ ಇದ್ದಿಲು. ಮುಂದೆ ಕೇರಳದಿಂದಲೂ ಕ್ರೈಸ್ತ ಕುಟುಂಬಗಳು ಈ ಸೀಮೆಗೆ, ನರಸಿಂಹರಾಜಪುರದ ಕಡೆಗೆ ಬಂದು ನೆಲೆಸಿದವು. ಅವರ ಸಂತತಿ ಬೆಳೆದು 2007ರಲ್ಲಿ ಸೀರೋ-ಮಲಬಾರ್ ವಿಧಿಯ ಭದ್ರಾವತಿ ಧರ್ಮಪ್ರಾಂತ್ಯವೇ ಸ್ಥಾಪನೆಯಾಯಿತು. ಈ ತಾಯಿ ಅಂಥ ಒಂದು ಮನೆಯವರು.

ಅವರು ಹೇಳಿದ್ದು ಇಷ್ಟು: "ನಾನು ಚಿಕ್ಕವಳಿದ್ದಾಗ ನಮ್ಮದು ಕಾಡಂಚಿನ ಮನೆ. ಮರಗೆಣಸು ಹಾಕಿದ್ದೆವು. ರಾತ್ರಿ ಕಾಡುಹಂದಿ ಬಂದರೆ ಬೆಳಗಾಗುವಷ್ಟರಲ್ಲಿ ಏನೂ ಇರುತ್ತಿರಲಿಲ್ಲ. ಅಪ್ಪನಿಗೆ ಜ್ವರ ಬಂದ ವರ್ಷ ಅಮ್ಮ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಮಾಳದಲ್ಲಿ ಕೂತು ಇಡೀ ರಾತ್ರಿ ತಗಡಿನ ಡಬ್ಬ ಬಡಿಯುತ್ತಿದ್ದಳು. ಬೆಳೆ ಉಳಿಯಿತು. ಅಪ್ಪ ಗುಣವಾಗಿ ಇಗರ್ಜಿಗೆ ಹೋಗಿ ಪೂಜೆ ಹೇಳಿಸಿದರು. ಮಾತೆಗೆ ಮೇಣದಬತ್ತಿ ಹಚ್ಚಿದರು. ಅಮ್ಮನಿಗೆ ಏನೂ ಹೇಳಲಿಲ್ಲ. ಅಮ್ಮನೂ ಕೇಳಲಿಲ್ಲ. ಸಾಯುವ ಮುಂಚೆ ಒಂದು ಸಲ ನನ್ನ ಹತ್ತಿರ ಹೇಳಿದಳು: ಆ ಡಬ್ಬ ಬಡಿದದ್ದು ಕಾವಲು ದೂತರು ಅಂತ ನಿಮ್ಮ ಅಪ್ಪ ತಿಳಿದುಕೊಂಡಿದ್ದರು ಅಂತ."

ಎಲ್ಲರೂ ನಕ್ಕರು, ಆಮೇಲೆ ಸುಮ್ಮನಾದರು. ಪ್ರಶ್ನೆ ಕೇಳಿದ ಮಹನೀಯರು ತಲೆ ತಗ್ಗಿಸಿ ಕುಳಿತರು.

ಸ್ವಾಮಿಗಳು ಅಂದು ಪ್ರಸಂಗ ಮಾಡಲಿಲ್ಲ. ಆದಿಕಾಂಡದ 21ನೇ ಅಧ್ಯಾಯ ತೆಗೆದು ಆ ತಾಯಿಯ ಮೊಮ್ಮಗಳ ಕೈಗೆ ಕೊಟ್ಟು ಓದಿಸಿದರು. ಅಬ್ರಹಾಮನ ಮನೆಯಿಂದ ಹೊರದೂಡಲ್ಪಟ್ಟ ಹಾಗರಳ ಕಥೆ ಅದು. ಬೇರ್ಷೆಬದ ಬೆಂಗಾಡಿನಲ್ಲಿ ತಿತ್ತಿಯ ನೀರು ಮುಗಿಯುತ್ತದೆ. ಮಗ ಸಾಯುವುದನ್ನು ನೋಡಲಾರದೆ ಅವಳು ಅವನನ್ನು ಪೊದೆಯ ಕೆಳಗೆ ಬಿಟ್ಟು ದೂರ ಹೋಗಿ ಅಳುತ್ತಾಳೆ. ದೇವರು ಹುಡುಗನ ದನಿ ಕೇಳುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ದೇವರು ಮಾಡಿದ್ದೇನು, ಹಾಗರಳು ಮಾಡಿದ್ದೇನು ಎಂಬುದು. ದೇವರು ಅವಳ ಕಣ್ಣು ತೆರೆದರು, ಅವಳಿಗೆ ಬಾವಿ ಕಂಡಿತು. ತಿತ್ತಿಗೆ ನೀರು ತುಂಬಿದವಳು, ಹುಡುಗನಿಗೆ ಕುಡಿಸಿದವಳು ಹಾಗರಳು. ಪವಿತ್ರ ಗ್ರಂಥ ಎರಡನ್ನೂ ಬರೆದಿಟ್ಟಿದೆ. ದೇವರ ಹೆಸರಿನಲ್ಲಿ ಅವಳ ಕೆಲಸವನ್ನು ಅಳಿಸಿಹಾಕಿಲ್ಲ. ಗಣಪಯ್ಯನ ತಪ್ಪು ದೇವರನ್ನು ನೆನೆದದ್ದಲ್ಲ, ದೇವರನ್ನು ಅಡ್ಡ ಹಿಡಿದು ಹೆಂಡತಿಯನ್ನು ಮರೆತದ್ದು. ವರಪ್ರಸಾದವು ಮನುಷ್ಯನ ಸ್ವಭಾವವನ್ನು ನಾಶಮಾಡುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಧರ್ಮೋಪದೇಶದಲ್ಲಿ ಅದನ್ನು ಕಲಿತಿದ್ದೇವೆ. ಅಡುಗೆಮನೆಯ ವಿಷಯದಲ್ಲಿ ಮಾತ್ರ ನಮಗೆ ಅದು ನೆನಪಾಗುವುದಿಲ್ಲ.

ಹಾಗರಳ ಬಗ್ಗೆ ಇನ್ನೊಂದು ಮಾತಿದೆ. ಇದಕ್ಕೆ ಹಿಂದೆ, 16ನೇ ಅಧ್ಯಾಯದಲ್ಲಿ, ಯಜಮಾನಿಯ ಕಾಟ ತಾಳದೆ ಆಕೆ ಒಮ್ಮೆ ಓಡಿಹೋಗಿದ್ದಳು. ಆಗ ಒರತೆಯ ಬಳಿ ದೇವದೂತ ಅವಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅಬ್ರಹಾಮನಾಗಲಿ ಸಾರಳಾಗಲಿ ಅವಳನ್ನು ದಾಸಿ ಎನ್ನುತ್ತಾರೆಯೇ ಹೊರತು ಹೆಸರಿನಿಂದ ಕರೆದದ್ದು ಆ ಕಥೆಯಲ್ಲಿ ಎಲ್ಲೂ ಇಲ್ಲ. ಅವಳು ತಿರುಗಿ ದೇವರಿಗೇ ಒಂದು ಹೆಸರಿಡುತ್ತಾಳೆ: ತನ್ನನ್ನು ನೋಡುವ ದೇವರು ಎಂಬ ಅರ್ಥದ ಹೆಸರು. ತಾನೂ ಲೆಕ್ಕಕ್ಕಿರುವವಳೆಂದು ಅವಳಿಗೆ ತಿಳಿದದ್ದು ಮನೆಯೊಳಗಲ್ಲ, ಬೆಂಗಾಡಿನಲ್ಲಿ.

ಪ್ರವಾದಿ ಎಲೀಯನ ಕಥೆಯೂ (ಅರಸುಗಳು ಮೊದಲನೆಯ ಗ್ರಂಥ, 19) ಹೀಗೆಯೇ. ಸಾವು ಬರಲೆಂದು ಬೇಡಿ ಪೊದೆಯ ನೆರಳಿನಲ್ಲಿ ಮಲಗಿದ ಅವನಿಗೆ ದೂತ ಮೊದಲು ಉಪದೇಶ ಕೊಡಲಿಲ್ಲ, ರೊಟ್ಟಿ ಮತ್ತು ನೀರು ಕೊಟ್ಟ. ದಣಿದು ಬಂದವರಿಗೆ ಮೊದಲು ಊಟ ಬಡಿಸುವ ನಮ್ಮ ತಾಯಂದಿರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಒಂದು ವಿಷಯದಲ್ಲಿ ಎಚ್ಚರ ಬೇಕು. ಕಷ್ಟ ಬಂದರೆ ಮನುಷ್ಯ ತನ್ನಿಂತಾನೇ ದೊಡ್ಡವನಾಗುತ್ತಾನೆಂದು ಈ ಕಥೆಗಳು ಹೇಳುವುದಿಲ್ಲ. ಅದೇ ನೀರು, ಅದೇ ಮಳೆ. ನಾಗವೇಣಿಯಲ್ಲಿ ಧೈರ್ಯ ಬೆಳೆಯಿತು, ಗಣಪಯ್ಯನಲ್ಲಿ ಸಂಶಯ ಬೆಳೆಯಿತು. ಧರ್ಮೋಪದೇಶಕಾಂಡದ 8ನೇ ಅಧ್ಯಾಯ ನಲವತ್ತು ವರ್ಷದ ಅಲೆದಾಟಕ್ಕೆ ಕೊಡುವ ಕಾರಣವೂ ಇದೇ: ಜನರ ಹೃದಯದಲ್ಲಿ ಏನಿದೆಯೆಂದು ಹೊರಗೆ ಬರಲಿ ಎಂದು. ಹೊರಗೆ ಬಂದದ್ದರಲ್ಲಿ ಬಂಗಾರದ ಕರುವೂ ಇತ್ತು. ಆದ್ದರಿಂದ ಮುಳುಗಡೆಯಾದವರಿಗೆ, ಕೆಲಸ ಕಳೆದುಕೊಂಡವರಿಗೆ 'ಇದು ನಿಮ್ಮ ಒಳ್ಳೆಯದಕ್ಕೇ' ಎಂದು ಉಪದೇಶಿಸುವ ಅವಸರ ನಮಗೆ ಬೇಡ. ಯೋಬನ ಗೆಳೆಯರೂ ಹಾಗೆಯೇ ಮಾಡಿ ದೇವರಿಂದ ಬೈಸಿಕೊಂಡರು.

ಇಷ್ಟವಿದ್ದವರು ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಆದಿಕಾಂಡ 16ನ್ನು ಒಂದು ಸಂಜೆ, 21ನ್ನು ಇನ್ನೊಂದು ಸಂಜೆ ಓದಿಕೊಳ್ಳಬಹುದು. ಓದುವುದು ಮನೆಯ ಯಜಮಾನರಾಗಲಿ. ಓದಿ ಆದ ಮೇಲೆ ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿ: ನಮ್ಮ ಮನೆಗೆ ಬಹಳ ಕಷ್ಟ ಬಂದಿದ್ದ ವರ್ಷ ಯಾವುದು, ಆಗ ಯಾರು ಏನು ಮಾಡಿದರು? ಅಜ್ಜಿ ಇದ್ದರೆ ಅವರೇ ಮೊದಲು ಹೇಳಲಿ. ಕೂಟಗಳಲ್ಲಿ ಓದುವವರು 'ದ್ವೀಪ' ಕಾದಂಬರಿಯನ್ನೇ ಹಿಡಿಯುವುದು ಮೇಲು. ಚಿಕ್ಕ ಪುಸ್ತಕ, ಎರಡು ಸಂಜೆಗೆ ಮುಗಿಯುತ್ತದೆ.