ಇಂಟರ್ನಲ್ ಅಂಕವನ್ನು ಪರೀಕ್ಷೆಗೆ ಮೊದಲೇ ಕೇಳಿ ನೋಡಿ

ಫಲಿತಾಂಶ ಬಂದ ಮೇಲೆ ಮರುಮೌಲ್ಯಮಾಪನಕ್ಕೆ ಓಡಾಡುವ ಎಷ್ಟೋ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿರುವುದೇ ಇಲ್ಲ: ತಾವು ಬಯಸಿದ ಗ್ರೇಡು ಅಂತಿಮ ಪರೀಕ್ಷೆಯಿಂದ ಸಿಗುವಂತಿತ್ತೇ?

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮ್ ನೋಡಿ. ಸಾಮಾನ್ಯ ಥಿಯರಿ ವಿಷಯಕ್ಕೆ ಇಂಟರ್ನಲ್ 50, ಸೆಮಿಸ್ಟರ್ ಪರೀಕ್ಷೆ 50. ಪರೀಕ್ಷೆ ಬರೆಯುವುದು ನೂರಕ್ಕೆ, ಬಂದ ಅಂಕವನ್ನು ಅರ್ಧಕ್ಕೆ ಇಳಿಸುತ್ತಾರೆ. ಒಟ್ಟು 90 ಮುಟ್ಟಿದರೆ ಓ, 80ಕ್ಕೆ ಎ ಪ್ಲಸ್, 70ಕ್ಕೆ ಎ, 60ಕ್ಕೆ ಬಿ ಪ್ಲಸ್, 55ಕ್ಕೆ ಬಿ.

ಇಂಟರ್ನಲ್‌ನಲ್ಲಿ 38 ಬಂದಿದೆ ಎಂದುಕೊಳ್ಳಿ. ಎ ಗ್ರೇಡಿಗೆ ಇನ್ನೂ 32 ಬೇಕು, ಅಂದರೆ ಪತ್ರಿಕೆಯಲ್ಲಿ ನೂರಕ್ಕೆ 64. ಎ ಪ್ಲಸ್ ಬೇಕಾದರೆ 84. ಓ ಗ್ರೇಡಿಗೆ 52 ಬೇಕು, ಆದರೆ ಇರುವುದೇ 50. ನೂರಕ್ಕೆ ನೂರು ತೆಗೆದರೂ ಆ ಗ್ರೇಡು ಸಿಗದು. ಇನ್ನೊಂದು ಕಡೆ, ಪರೀಕ್ಷೆಯಲ್ಲಿ ಪಾಸಾಗಲು ಬೇಕಾದ, ಐವತ್ತಕ್ಕೆ 18 ಮಾತ್ರ ಬಂದರೂ ಒಟ್ಟು 56 ಆಗಿ ಬಿ ಗ್ರೇಡು ಉಳಿಯುತ್ತದೆ. ಆ 18 ಬಾರದಿದ್ದರೆ ಇಂಟರ್ನಲ್ ಎಷ್ಟಿದ್ದರೂ ವಿಷಯ ಫೇಲ್. ಬೇರೆ ವಿಶ್ವವಿದ್ಯಾಲಯಗಳಲ್ಲಿ, ಸ್ವಾಯತ್ತ ಕಾಲೇಜುಗಳಲ್ಲಿ ಅಂಕ ಹಂಚಿಕೆ ಬೇರೆ ಇರಬಹುದು. ಲೆಕ್ಕದ ದಾರಿ ಇದೇ.

ಆದ್ದರಿಂದ ಜಗಳವಾಡಬೇಕಾದ ಜಾಗ ಇಂಟರ್ನಲ್ ಎಂಬುದು ನನ್ನ ಖಚಿತ ಅಭಿಪ್ರಾಯ. ಟೆಸ್ಟ್ ಒಂದರ ಅಂಕ ಸೇರದೆ ಹೋಗಿರಬಹುದು, ಅಸೈನ್‌ಮೆಂಟ್ ಲೆಕ್ಕಕ್ಕೆ ಬಂದಿರದೇ ಇರಬಹುದು. ಅಂಕ ವಿಶ್ವವಿದ್ಯಾಲಯಕ್ಕೆ ಹೋಗುವ ಮೊದಲೇ ಟೆಸ್ಟ್ ಬರೆದ ಬ್ಲೂ ಬುಕ್ ತೆಗೆಸಿ ಕೂಡಿ ನೋಡಿ. ಕೂಡಿ ನೋಡದೆ ಅಂಕಪಟ್ಟಿಗೆ ಸಹಿ ಹಾಕಬೇಡಿ. ತಪ್ಪು ಕಂಡರೆ ವಿಭಾಗದ ಮುಖ್ಯಸ್ಥರಿಗೆ ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಮುಂದೆ ಯಾವ ದಾಖಲೆಯೂ ಇರುವುದಿಲ್ಲ.

ಉತ್ತರ ಬಾರದಿದ್ದರೆ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಗಳಿವೆ. ಅವುಗಳ ಪ್ರಕಾರ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು. ಪಾರದರ್ಶಕವಲ್ಲದ ಅಥವಾ ಅನ್ಯಾಯದ ಮೌಲ್ಯಮಾಪನವೂ ದೂರಿನ ವಿಷಯವೇ. ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಅಂಕ ಕಡಿಮೆಯಾಯಿತು ಎಂದಷ್ಟೇ ಹೇಳಿ ಮರುಮೌಲ್ಯಮಾಪನ ಕೇಳಿದರೆ ಅವರು ತೆಗೆದುಕೊಳ್ಳುವುದಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು.

ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆಯ ವಿಚಾರದಲ್ಲಿ ಕಾನೂನು ನಿಮ್ಮ ಕಡೆಗಿದೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಡಿ ವಿದ್ಯಾರ್ಥಿಗೆ ಇದೆಯೆಂದು ಸಿಬಿಎಸ್‌ಇ ವಿರುದ್ಧ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಮೌಲ್ಯಮಾಪಕರ ಹೆಸರು, ಸಹಿ ಮಾತ್ರ ಸಿಗುವುದಿಲ್ಲ. ಪತ್ರಿಕೆಯನ್ನು ಇಟ್ಟುಕೊಳ್ಳುವ ಅವಧಿ ಮುಗಿದು ಅದು ನಾಶವಾದರೆ ಹಕ್ಕಿದ್ದೂ ಪ್ರಯೋಜನವಿಲ್ಲ, ಹಾಗಾಗಿ ತಡಮಾಡಬೇಡಿ.

ನೋಡುವ ಹಕ್ಕು ಬೇರೆ, ಮರುಮೌಲ್ಯಮಾಪನದ ಹಕ್ಕು ಬೇರೆ. ಎರಡನೆಯದು ವಿಶ್ವವಿದ್ಯಾಲಯದ ನಿಯಮದಲ್ಲಿದ್ದರಷ್ಟೇ ಇದೆ. ನಿಯಮವಿಲ್ಲದ ಕಡೆ, ತಪ್ಪು ಮೇಲ್ನೋಟಕ್ಕೇ ಎದ್ದು ಕಾಣುವ ಅಪರೂಪದ ಪ್ರಕರಣಗಳಲ್ಲಿ ಮಾತ್ರ ನ್ಯಾಯಾಲಯ ಕೈಹಾಕಬಹುದು ಎಂಬುದು ರಣ್ ವಿಜಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು.

ಇಲ್ಲಿ ಹಲವರು ಎಡವುತ್ತಾರೆ. ಉತ್ತರಪತ್ರಿಕೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಉತ್ತರ ಕೊಡಲು 30 ದಿನದ ಕಾಲಾವಕಾಶವಿದೆ. ಅಷ್ಟರಲ್ಲಿ ಮರುಮೌಲ್ಯಮಾಪನದ ಕೊನೆಯ ದಿನಾಂಕ ಮುಗಿದುಹೋಗಬಹುದು. ಮರುಮೌಲ್ಯಮಾಪನ ಬೇಕೆಂದಿದ್ದರೆ ಶುಲ್ಕ ಹೆಚ್ಚಾದರೂ ವಿಶ್ವವಿದ್ಯಾಲಯದ್ದೇ ಫೋಟೊಕಾಪಿ ವ್ಯವಸ್ಥೆಗೆ ಅರ್ಜಿ ಹಾಕಿ. ಪ್ರತಿ ಮಾತ್ರ ಸಾಕೆನ್ನುವವರಿಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಅಗ್ಗದ ದಾರಿ. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.